ಕಣ್ಣಿಗೆ ಕಟ್ಟಿದ ಗುಡಿ

ಸೋಮನಾಥಪುರದ ಕೇಶವ ದೇವಾಲಯವನ್ನು ನಾನು ಮೊದಲು ಕಂಡದ್ದು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳಲ್ಲಿ. ಶಿಲ್ಪಕ್ಕೆ ಮತಭೇದವಿಲ್ಲವೆಂದು ಹೇಳಿ ಗುರುಗಳೇ ನಮ್ಮನ್ನು ಕರೆದೊಯ್ದಿದ್ದರು. ಬನ್ನೂರಿನಲ್ಲಿ ಬಸ್ಸಿಳಿದು, ಬಿಸಿಲಲ್ಲಿ ನಡೆದು, ಆ ನಕ್ಷತ್ರಾಕಾರದ ಜಗತಿಯ ಮುಂದೆ ನಿಂತಿದ್ದೆವು. ಅದೇ ಗುಡಿಯನ್ನು ಕಳೆದ ತಿಂಗಳು ನಂಜನಗೂಡಿನಲ್ಲಿ, ತಂಗಿಯ ಮನೆಯ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮತ್ತೆ ಕಂಡೆ.

ಇದು ತಂಗಿಯ ಮೊಮ್ಮಗನ ಕೆಲಸ. ಕಂಪ್ಯೂಟರ್ ವಿದ್ಯೆ ಕಲಿತ ಈ ಹುಡುಗ ಗೆಳೆಯರೊಡನೆ ಸೇರಿ, ತಿ. ನರಸೀಪುರ ತಾಲ್ಲೂಕಿನ ಶಾಲಾ ಮಕ್ಕಳಿಗೆ ತೋರಿಸಲೆಂದು ಒಂದು ಮಾದರಿ ದೃಶ್ಯವನ್ನು ಸಿದ್ಧಪಡಿಸಿದ್ದಾನೆ. ಕಣ್ಣಿನ ಮೇಲೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ. ಒಳಗೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ, ಅದರ ಮುಂದೆ ಮಸೂರ. ತಲೆ ತಿರುಗಿಸಿದರೆ ಗುಡಿಯೂ ತಿರುಗುತ್ತದೆ. ವಿ.ಆರ್. ಎಂದು ಅದರ ಹೆಸರು.

ಮೊದಲ ರೂಪದಲ್ಲಿ ಬಳಪದ ಕಲ್ಲು ಗಾಜಿನಂತೆ ಥಳಥಳಿಸುತ್ತಿತ್ತು. ಎಲ್ಲೆಲ್ಲೂ ದೀಪಸಾಲು, ಹೊಗೆ, ಚಿನ್ನದ ಕಿರಣ, ಸಿನಿಮಾದಂಥ ವಾದ್ಯಘೋಷ. ಕೈಯಲ್ಲಿದ್ದ ಕೋಲನ್ನು ಒತ್ತಿದೊಡನೆ ನಾನು ತೇಲಿಕೊಂಡು ಮುಂದೆ ಸಾಗಿದೆ. ಎರಡೇ ನಿಮಿಷ, ತಲೆ ಸುತ್ತಿ ಪೆಟ್ಟಿಗೆಯನ್ನು ಕಳಚಿಟ್ಟೆ.

ಅದರ ಕಾರಣವನ್ನು ಹುಡುಗನೇ ವಿವರಿಸಿದ. ನಡೆಯುತ್ತಿದ್ದೇನೆಂದು ಕಣ್ಣು ಹೇಳುತ್ತದೆ. ಕುಳಿತಿದ್ದೇನೆಂದು ಒಳಗಿವಿಯ ಸಮತೋಲದ ಅಂಗ ಹೇಳುತ್ತದೆ. ಈ ಜಗಳವೇ ವಾಕರಿಕೆಗೆ ಮೂಲ. ಸಾಲದುದಕ್ಕೆ, ಚಿತ್ರವು ಸೆಕೆಂಡಿಗೆ 72 ಅಥವಾ 90 ಬಾರಿ ಹೊಸದಾಗಬೇಕು. ತಲೆಯ ಚಲನೆಗೂ ಚಿತ್ರಕ್ಕೂ ನಡುವಿನ ವಿಳಂಬ ಸುಮಾರು 20 ಮಿಲಿಸೆಕೆಂಡು ಮೀರಬಾರದು. ಹೊಗೆ, ಹೊಳಪು, ಪ್ರತಿಬಿಂಬಗಳನ್ನೆಲ್ಲ ಹೇರಿದರೆ ಆ ಪುಟ್ಟ ಯಂತ್ರ ಏದುಸಿರು ಬಿಡುತ್ತದೆ, ಚಿತ್ರ ತಡವರಿಸುತ್ತದೆ. ಅಲಂಕಾರ ಹೆಚ್ಚಿದಷ್ಟೂ ತಲೆಸುತ್ತು ಹೆಚ್ಚು ಎಂದಾಯಿತು!

ಆದ್ದರಿಂದ ದೃಶ್ಯವನ್ನು ಹೊಸದಾಗಿ ಕಟ್ಟಿದರು. ಹೊಗೆ ಹೋಯಿತು, ಚಿನ್ನ ಹೋಯಿತು. ಬೆಳಕನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕದೆ, ಇಳಿಹೊತ್ತಿನ ಓರೆ ಬಿಸಿಲನ್ನು ಮೊದಲೇ ಕಲ್ಲಿಗೆ ಬಳಿದಿಟ್ಟರು. ಪಟ್ಟಿಕೆಯ ಆನೆ ಕುದುರೆಗಳು ಆ ನೆರಳಿನಲ್ಲಿಯೇ ಎದ್ದು ಕಾಣುತ್ತವೆ. ಹತ್ತಿರದ ಕೆತ್ತನೆಗೆ ಮಾತ್ರ ಪೂರ್ಣ ವಿವರ, ದೂರದ ಕೈಸಾಲೆಗೆ ಸರಳ ರೂಪ. ತೇಲುವ ನಡಿಗೆಯ ಬದಲು, ಜಗತಿಯ ಮೇಲೆ ಗುರುತಿಟ್ಟ ತಾಣಗಳಿಗೆ ಬೆರಳು ತೋರಿದರೆ ಅಲ್ಲಿಗೆ ಹೋಗಿ ನಿಲ್ಲಬಹುದು. ಕನ್ನಡ ಅಕ್ಷರ ದೊಡ್ಡದಾಗಿ, ಒಂದೆರಡು ಮಾರು ದೂರದಲ್ಲಿ.

ಇಷ್ಟರಲ್ಲಿ ನನ್ನ ಪಾತ್ರವಿಲ್ಲ. ನಾನು ಹಟ ಹಿಡಿದದ್ದು ಗರ್ಭಗುಡಿಯ ವಿಷಯದಲ್ಲಿ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಪ್ರತಿಷ್ಠಾಪಿಸಿದ ಮೂಲ ಕೇಶವಮೂರ್ತಿ ಇಂದಿಲ್ಲ, ಈಗಿರುವುದು ಅನಂತರದ್ದು. ಹುಡುಗರು ಇದನ್ನು ಅಳಿಸಿ, ತಾವೇ ರೂಪಿಸಿದ ಭವ್ಯ ಕೇಶವನನ್ನು ನಿಲ್ಲಿಸಿದ್ದರು.

“ತಾತ, ಹೀಗೇ ಇದ್ದಿರಬಹುದಲ್ಲವೇ?”

“ಇದ್ದಿರಬಹುದು ಕಂದ. ಆದರೆ ಆ ‘ಬಹುದು’ ನಿನ್ನ ಚಿತ್ರದಲ್ಲಿ ಎಲ್ಲಿದೆ?”

ಗ್ರಂಥಸಂಪಾದಕನು ಓಲೆ ಮುರಿದಿರುವ ಕಡೆ ಚುಕ್ಕಿ ಇಡುತ್ತಾನೆ. ತಾನೇ ಸಾಲು ಹೊಸೆದು ಕವಿಯದೆನ್ನುವುದಿಲ್ಲ. ಸುತ್ತಲೂ ಆವರಿಸುವ ಚಿತ್ರದಲ್ಲಿ ಮಗುವಿಗೆ ಕಲ್ಲಾವುದು, ಕಲ್ಪನೆಯಾವುದು ತಿಳಿಯುವುದೆಂತು? ಇರುವುದು, ಆಧಾರದಿಂದ ಪುನಾರಚಿಸಿದ್ದು, ಊಹೆ, ಇವನ್ನು ನೋಡುಗನಿಗೆ ಸ್ಪಷ್ಟಪಡಿಸಬೇಕೆಂದು ಇಂತಹ ಚಿತ್ರಗಳಿಗಾಗಿಯೇ ರೂಪಿಸಿದ ಲಂಡನ್ ಸನ್ನದು 2009ರಲ್ಲಿಯೇ ಹೇಳಿದೆ. ನಮ್ಮ ನಾಡಿನಲ್ಲಿಯೂ ಉದಾಹರಣೆಯುಂಟು. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ಇವರು 2006ರಲ್ಲಿ ರೂಪಿಸಿದ ‘ಪ್ಲೇಸ್–ಹಂಪಿ’ ಅನಂತರ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿಗೆ ಬಂದಿತು. ಅದರಲ್ಲಿ ಹಂಪಿಯ ಬಂಡೆಗಳು ಛಾಯಾಚಿತ್ರದವು, ನಡುವೆ ಚಲಿಸುವ ದೇವತೆಗಳು ಬರೆದ ಚಿತ್ರಗಳು. ಯಾರೂ ಒಂದನ್ನು ಮತ್ತೊಂದೆಂದು ಭ್ರಮಿಸುವುದಿಲ್ಲ.

ಒಂದು ವಾರ ಮುನಿಸಿಕೊಂಡಿದ್ದ ಹುಡುಗ ಕೊನೆಗೆ ದಾರಿ ಕಂಡುಕೊಂಡ. ಗರ್ಭಗುಡಿಯಲ್ಲಿ ಈಗಿರುವ ಮೂರ್ತಿಯೇ ನಿಂತಿದೆ. ಬೆರಳು ತೋರಿದರೆ ‘ಮೂಲಮೂರ್ತಿ ಕಳೆದಿದೆ’ ಎಂಬ ಬರಹ. ಇನ್ನೊಮ್ಮೆ ತೋರಿದರೆ ಬರಿಯ ಬೂದು ಗೆರೆಗಳ ಕೇಶವ, ಕೆಳಗೆ ‘ಊಹೆ’ ಎಂಬೊಂದು ಪದ.

ಮಂಡಿನೋವಿನಿಂದ ಮೆಟ್ಟಿಲು ಹತ್ತಲಾಗದ ನನ್ನ ತಂಗಿ ಮೊನ್ನೆ ಪೆಟ್ಟಿಗೆ ಕಟ್ಟಿಕೊಂಡು ಕುಳಿತಲ್ಲಿಯೇ ಜಗತಿಯನ್ನು ಒಂದು ಸುತ್ತು ಬಂದಳು. ನಡುವೆ ಗಾಬರಿಯಿಂದ ಕೇಳಿದಳು: “ಅಣ್ಣಾ, ಚಪ್ಪಲಿ ಬಿಟ್ಟೇ ಬಂದಿದೀನಿ ತಾನೆ?”