ಓಟಿಗೆ ನಾವು ಬೇಕು, ಟಿಕೀಟಿಗೆ ಬ್ಯಾಡ

ಮೊನ್ನೆ ಬಾಜೂ ಮನಿಯವರ ಸತ್ಯನಾರಾಯಣ ಪೂಜಾದಾಗ ಒಬ್ಬ ಹಿರೇರು ಪ್ರಸಾದ ತಿನಕೋತ, "ಏನ್ರೀ ವೈನಿ, ನೀವು ಹೆಣ್ಣಮಕ್ಕಳು ಎರಡು ಸಾವಿರಕ್ಕ ಓಟು ಮಾರಿಕೊಂಡವ್ರು" ಅಂದ್ರು. ಎಲ್ಲಾರೂ ನಕ್ರು. ನಾನೂ ನಕ್ಕೆ. ಮನಿಗೆ ಬಂದು ಅಕ್ಕಿ ಆರಿಸಲಿಕ್ಕೆ ಕೂತಾಗ ಮೈ ಉರೀತು, ನಾ ಯಾಕ ನಕ್ಕೆ ಅಂತ. ಅವತ್ತ ಕೊಡದ ಉತ್ತರ ಇವತ್ತ ಬರೀತೇನಿ.

2023ರ ಮೇ 10ಕ್ಕ ವಿಧಾನಸಭಾ ಎಲೆಕ್ಷನ್ ಆತಲ್ಲ, ಆವಾಗ ಕಾಂಗ್ರೆಸ್ಸಿನವ್ರು ಮನಿ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ, ಬಸ್ಸು ಪುಕ್ಕಟ ಅಂದ್ರು. ಅದರ ಜೊತಿಗೇ 200 ಯುನಿಟ್ ಕರೆಂಟೂ ಅಂದಿದ್ರು. ಆ ಫ್ಯಾನಿನ ಕೆಳಗ ಮಲಗೋರು ಬರೇ ನಾವೇನು? ಬಿಜೆಪಿಯವ್ರು ಬಡವರ ಮನಿಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣಪತಿ ಹಬ್ಬ, ದೀಪಾವಳಿಗೆ ಒಂದೊಂದು ಸಿಲಿಂಡರ್ ಅಂದಿದ್ರು. ಆ ಹಾಲಿನ ಚಹಾ ಯಾರು ಕುಡೀತಿದ್ರು? 2018ರಾಗ ರೈತರ ಸಾಲ ಮನ್ನಾ ಅಂದಾಗ ರೈತರು ಓಟು ಮಾರಿಕೊಂಡ್ರು ಅಂತ ಯಾರೂ ಅನ್ನಲಿಲ್ಲ. ಅನ್ನಲೂಬಾರದು. ಹಂಗಾದ್ರ ನಮಗಷ್ಟ ಯಾಕ ಈ ಮಾತು? ನಮ್ಮ ಓಣಿಯೊಳಗ ಆ ರೊಕ್ಕದಾಗ ಬಿ.ಪಿ. ಗುಳಿಗಿ ತಂದವ್ರು ಇದ್ದಾರ, ಮಗಳ ಟ್ಯೂಷನ್ ಫೀ ಕಟ್ಟಿದವ್ರು ಇದ್ದಾರ. ಸೀರಿ ಅಂಗಡಿಗೆ ಸುರದವ್ರು ನನಗಂತೂ ಕಂಡಿಲ್ಲ.

ನನ್ನ ಸಿಟ್ಟು ಬ್ಯಾರೆ ಕಡೆ ಅದ. ಸದನದಾಗ ಕುರ್ಚಿ 224. ಅದರೊಳಗ 2023ರಾಗ ಗೆದ್ದು ಬಂದ ಹೆಣ್ಣಮಕ್ಕಳು 10. ಪಲ್ಯದಾಗ ಸಾಸಿವಿ ಇದ್ದಹಂಗ! ಕಾಂಗ್ರೆಸ್ಸು, ಬಿಜೆಪಿ ಎರಡೂ ಕೂಡಿ ಹೆಂಗಸರಿಗೆ ಕೊಟ್ಟ ಟಿಕೀಟು ಬಳಿ ಎಣಿಸಿದಹಂಗ ಸುಮಾರು ಎರಡು ಡಜನ್. ಯೋಜನಾಕ್ಕ ಗೃಹಲಕ್ಷ್ಮಿ ಅಂತ ಹೆಸರಿಟ್ಟ ಸರ್ಕಾರ, 34 ಮಂದಿಯ ಮಂತ್ರಿಮಂಡಲದಾಗ ಕೂಡಿಸಿದ್ದು ಒಬ್ಬಾಕಿ ಲಕ್ಷ್ಮೀ ಹೆಬ್ಬಾಳಕರ್ ಅವರನ್ನ. ಅವರಿಗೂ ಖಾತೆ ಯಾವುದು? ಹೆಂಗಸರು, ಮಕ್ಕಳದ್ದು.

"ಹೆಣ್ಣಮಕ್ಕಳು ಗೆಲ್ಲೂದಿಲ್ಲ" ಅಂತಾರ. ಹರಪನಹಳ್ಳಿಯೊಳಗ ಲತಾ ಮಲ್ಲಿಕಾರ್ಜುನ ಯಾವ ಪಕ್ಷದ ಟಿಕೀಟೂ ಇಲ್ಲದ ಗೆದ್ದ್ರು. ದೇವದುರ್ಗದಾಗ ಕರೆಮ್ಮ ನಾಯಕ ಗೆದ್ದ್ರು. 1972ರಷ್ಟ ಹಿಂದ ಕೆ.ಎಸ್. ನಾಗರತ್ನಮ್ಮ ನಮ್ಮ ವಿಧಾನಸಭಾದ ಸ್ಪೀಕರ್ ಆಗಿದ್ರು. ಗೆಲ್ಲೂದಿಲ್ಲ ಅನ್ನೂದು ಟಿಕೀಟು ಕೊಡದವರ ನೆವ.

ಮೂರರಾಗ ಒಂದು ಪಾಲು ಮೀಸಲಾತಿ ಕಾಯ್ದೆ 2023ರಾಗ ದಿಲ್ಲಿಯೊಳಗ ಪಾಸಾತು. ಅದು ಬಂದ್ರ ನಮ್ಮಲ್ಲೆ 74 ಮಂದಿಯಾದ್ರೂ ಕೂಡಬೇಕು. ಆದ್ರ ಜನಗಣತಿ ಆಗಬೇಕು, ಕ್ಷೇತ್ರ ಮತ್ತ ಹಂಚಬೇಕು, ಆಮ್ಯಾಲೆ ಅಂತ ಅದರಾಗ ಬರದಾರ. ಬಾಗಲಾ ತಗದು ತಲಬಾಗಲದಾಗ ನಿಲ್ಲಿಸಿದಹಂಗ. ಹೆಂಗಸರಿಗೆ ಟಿಕೀಟು ಕೊಡಲಿಕ್ಕೆ ಪಕ್ಷದವರಿಗೆ ಕಾಯ್ದೆ ಯಾಕ ಬೇಕ್ರಿ? ಇವತ್ತ ಮನಸು ಮಾಡಿದ್ರೂ ಆಗತದ.

ಇನ್ನ ನಮ್ಮ ತಪ್ಪು. ಗ್ರಾಮ ಪಂಚಾಯತಿಯೊಳಗ ಅರ್ಧ ಸೀಟು ನಮ್ಮವು. ಆದ್ರ ಎಷ್ಟೋ ಕಡೆ ಅಧ್ಯಕ್ಷಿ ಸಹಿ ಮಾಡ್ತಾಳ, ಗಂಡ ಮಾತಾಡ್ತಾನ. ನಾನೇನು ಕಡಿಮಿ? ಮೂವತ್ತು ವರ್ಷ ಚಪ್ಪಲಿ ಮೆಟಗೋತ ಬಾಗಲದಾಗ ನಿಂತು "ಯಾರಿಗೆ ಹಾಕಲ್ರೀ?" ಅಂತ ಕೇಳಿ ಓಟು ಹಾಕಿದಾಕಿ. 2023ರಾಗ ಮೊದಲನೇ ಸಲ ಕೇಳಲಿಲ್ಲ. ತಿರುಗಿ ಬಂದ ಮ್ಯಾಲೆ ಮನಿಯವ್ರು "ಯಾರಿಗೆ ಹಾಕಿದಿ?" ಅಂದ್ರು. ನಾನು "ಬದನೀಕಾಯಿ ಎಣಗಾಯಿ ಮಾಡ್ಲೋ, ಪಲ್ಯ ಮಾಡ್ಲೋ?" ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಚಹಾ ಬೇಕಾತು, ಮಾತಾಡಿದ್ರು.

ಅಕ್ಕಗೋಳ್ರಿ, 2028ಕ್ಕ ಮತ್ತ ಬಾಗಲಕ್ಕ ಬರ್ತಾರ. ಸೀರಿ ಡಬ್ಬಿ ತಂದ್ರ ಹೊಚ್ಚಲಾ ದಾಟಿಸಬ್ಯಾಡ್ರಿ, ಅದು ಲಂಚ. ಸರ್ಕಾರದ ಯೋಜನಾ ಲಂಚ ಅಲ್ಲ. ಸಾಬಾಣದಿಂದ ಹಿಡದು ಎಷ್ಟೋ ಸಾಮಾನಿಗೆ ನಾವೂ ತೆರಿಗಿ ಕಟ್ಟೇವಿ. ಕೈ ಮುಗದು ನಿಂತವರಿಗೆ ಒಂದ ಪ್ರಶ್ನೆ ಕೇಳ್ರಿ: "ಈ ಜಿಲ್ಲಾದಾಗ ನಿಮ್ಮ ಪಕ್ಷ ಎಷ್ಟು ಹೆಣ್ಣಮಕ್ಕಳಿಗೆ ಟಿಕೀಟು ಕೊಟ್ಟದ?" ಉತ್ತರ ಬರೂತನಕ ನೀರೂ ಕೇಳಬ್ಯಾಡ್ರಿ.

ಆ ಹಿರೇರಿಗೂ ಒಂದ ಮಾತು: ಓಟು ನಾವು ಮಾರಿಲ್ಲ, ಕಾಕಾ. ಇಷ್ಟು ವರ್ಷ ಪುಕ್ಕಟ ನಿಮ್ಮ ಕೈಯಾಗ ಕೊಟ್ಟಿದ್ವಿ. ಈಗ ವಾಪಸ್ ತೊಗೊಂಡೇವಿ.