ಲಕ್ವಕ್ಕೂ ಮೂತ್ರಪಿಂಡಕ್ಕೂ ಏನು ನಂಟು?

ಮನೆಯ ಹಿರಿಯರೊಬ್ಬರಿಗೆ ಲಕ್ವ ಹೊಡೆದು ಆಸ್ಪತ್ರೆಗೆ ಸೇರಿಸಿದಾಗ ಎಲ್ಲರ ಗಮನವೂ ಮಿದುಳಿನ ಮೇಲೆಯೇ ಇರುತ್ತದೆ. ಸ್ಕ್ಯಾನಿನಲ್ಲಿ ಏನು ಕಂಡಿತು, ಕೈ ಯಾವಾಗ ಎತ್ತುತ್ತಾರೆ, ಮಾತು ಮರಳಿ ಬರುತ್ತದೆಯೇ ಎಂದು ಕೇಳುತ್ತಾರೆ. ಜೊತೆಗೆ ರಕ್ತ, ಮೂತ್ರದ ಪರೀಕ್ಷೆಗೂ ಬರೆದುಕೊಟ್ಟರೆ, 'ಕೈಕಾಲು ಬಿದ್ದುಹೋದವರಿಗೆ ಕಿಡ್ನಿ ಪರೀಕ್ಷೆ ಯಾಕೆ ಡಾಕ್ಟ್ರೇ?' ಎಂಬ ಪ್ರಶ್ನೆ ಬರುತ್ತದೆ.

ಪ್ರಶ್ನೆ ಸಹಜವೇ. ಆದರೆ ರೋಗಿ ಎಷ್ಟರಮಟ್ಟಿಗೆ ಚೇತರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ಒಂದು ಪಾಲು ಆ ಪರೀಕ್ಷೆಯಲ್ಲಿದೆ. ಇನ್ನೂ ಹೇಳಬೇಕೆಂದರೆ, ಆ ಪರೀಕ್ಷೆ ಲಕ್ವ ಬರುವುದಕ್ಕೆ ಎಷ್ಟೋ ಮೊದಲೇ ಆಗಿರಬೇಕಿತ್ತು. ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಮೂತ್ರಪಿಂಡದ ಪರೀಕ್ಷೆ ಮಾಡಿಸಿಕೊಳ್ಳಬೇಕು, ಅದರ ಫಲಿತಾಂಶ ಮನೆಯವರಿಗೂ ತಿಳಿದಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡು ಅಂಗ, ಒಂದೇ ಕಷ್ಟ

ನಮ್ಮ ಎರಡು ಮೂತ್ರಪಿಂಡಗಳು ಸೇರಿ ತೂಗುವುದು ಸುಮಾರು 300 ಗ್ರಾಂ ಮಾತ್ರ. ಆದರೂ ಹೃದಯ ಪ್ರತಿ ನಿಮಿಷ ಹೊರದೂಡುವ ರಕ್ತದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಅವುಗಳಿಗೇ ಹೋಗುತ್ತದೆ. ಮಿದುಳಿಗೆ ಹೋಗುವ ಪಾಲೂ ಕಡಿಮೆಯೇನಲ್ಲ. ಈ ಎರಡೂ ಅಂಗಗಳಿಗೆ ಹಗಲಿರುಳೂ ಧಾರಾಳವಾಗಿ ರಕ್ತ ಹರಿಯುತ್ತಿರಬೇಕು. ಆದ್ದರಿಂದಲೇ ರಕ್ತದೊತ್ತಡ ಏರಿದಾಗ ಇವುಗಳ ಸಣ್ಣ ರಕ್ತನಾಳಗಳಿಗೆ ಮೊದಲು ಪೆಟ್ಟು ಬೀಳುತ್ತದೆ.

ಮಿದುಳಿನ ನಾಳಗಳು ಸವೆಯುತ್ತಿರುವುದು ನಮಗೆ ಸುಲಭವಾಗಿ ತಿಳಿಯುವುದಿಲ್ಲ. ಆದರೆ ಮೂತ್ರಪಿಂಡದ ನಾಳಗಳು ಕೆಟ್ಟರೆ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಸೋರತೊಡಗುತ್ತದೆ. ಇದನ್ನು ಮೂತ್ರಪಿಂಡದ ದೂರು ಎಂದಷ್ಟೇ ತಿಳಿಯಬೇಡಿ. ದೇಹದ ಇತರ ಸಣ್ಣ ನಾಳಗಳ ಸ್ಥಿತಿಯನ್ನೂ ಅದು ಸೂಚಿಸುತ್ತದೆ. ಮೂತ್ರಪಿಂಡ ಸೋತಂತೆಲ್ಲ ರಕ್ತದೊತ್ತಡ ಇನ್ನಷ್ಟು ಏರುತ್ತದೆ, ನಾಳಗಳ ಗೋಡೆ ಗಡಸಾಗುತ್ತದೆ, ರಕ್ತಹೀನತೆ ಬರುತ್ತದೆ. ಹೀಗೆ ಒಂದು ಕಾಯಿಲೆ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಮೇಲೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಮೂತ್ರಪಿಂಡದ ಸೋಸುವ ಶಕ್ತಿ 60ಕ್ಕಿಂತ ಕೆಳಗಿಳಿದವರಲ್ಲಿ ಲಕ್ವದ ಅಪಾಯ ಶೇಕಡಾ 43ರಷ್ಟು ಹೆಚ್ಚು ಎಂದು ಅದು ಹೇಳುತ್ತದೆ.

ಇದು ನಗರದವರ ಕಾಯಿಲೆ ಎಂದುಕೊಳ್ಳಬೇಡಿ. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರು ಜನ ವಯಸ್ಕರಲ್ಲಿ ಆರಕ್ಕೂ ಹೆಚ್ಚು ಮಂದಿಗೆ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಕಂಡುಬಂದಿತ್ತು.

ಚೇತರಿಕೆಗೆ ತೊಡಕು ಏಕೆ?

ಲಕ್ವ ಬಂದ ಮೇಲೂ ಮೂತ್ರಪಿಂಡದ ಪ್ರಭಾವ ಮುಗಿಯುವುದಿಲ್ಲ. ಜಪಾನಿನ ಫುಕುವೋಕಾದಲ್ಲಿ ಸಾವಿರಾರು ಲಕ್ವ ರೋಗಿಗಳನ್ನು ಗಮನಿಸಿದ ವೈದ್ಯರು 2012ರಲ್ಲಿ ತಮ್ಮ ಅನುಭವ ಪ್ರಕಟಿಸಿದರು. ಮೂತ್ರದಲ್ಲಿ ಪ್ರೋಟೀನು ಹೋಗುತ್ತಿದ್ದವರಲ್ಲಿ ಆಸ್ಪತ್ರೆಯಲ್ಲಿದ್ದಾಗಲೇ ಸ್ಥಿತಿ ಬಿಗಡಾಯಿಸುವುದು, ಸಾವು ಸಂಭವಿಸುವುದು, ಮನೆಗೆ ಹೋಗುವಾಗ ಪರಾವಲಂಬಿಗಳಾಗಿ ಉಳಿಯುವುದು ಎಲ್ಲವೂ ಹೆಚ್ಚಾಗಿದ್ದವು.

ಇದಕ್ಕೆ ಕಾರಣಗಳು ಹಲವು. ಮೂತ್ರಪಿಂಡ ಕೆಟ್ಟವರ ರಕ್ತದ ಗುಣ ವಿಚಿತ್ರ. ಒಂದೆಡೆ ಹೆಪ್ಪುಗಟ್ಟುವ ಪ್ರವೃತ್ತಿ, ಇನ್ನೊಂದೆಡೆ ರಕ್ತಸ್ರಾವದ ಭಯ. ಇಬ್ಬರ ನಡುವಿನ ದಾರಿ ಹಿಡಿಯುವುದು ವೈದ್ಯರಿಗೂ ಕಷ್ಟ. ಔಷಧಿಗಳದ್ದು ಮತ್ತೊಂದು ತೊಡಕು. ರಕ್ತ ತೆಳುವಾಗಿಸುವ ಕೆಲವು ಔಷಧಿಗಳು, ಫಿಟ್ಸ್ ತಡೆಯುವ ಮಾತ್ರೆಗಳು, ಹಲವು ಆಂಟಿಬಯೋಟಿಕ್‌ಗಳು ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕವೇ. ಆ ದಾರಿ ಕಿರಿದಾದರೆ ಸಾಮಾನ್ಯ ಪ್ರಮಾಣವೂ ಅತಿಯಾಗುತ್ತದೆ. ಇನ್ನು ಲಕ್ವ ಹೊಡೆದವರಿಗೆ ನುಂಗಲು ಆಗುವುದಿಲ್ಲ, ಬಾಯಾರಿಕೆ ಹೇಳಲು ಬರುವುದಿಲ್ಲ. ನೀರಿನಂಶ ಕಡಿಮೆಯಾದರೆ ಮೊದಲೇ ದುರ್ಬಲವಾದ ಮೂತ್ರಪಿಂಡ ಕೆಲವೇ ದಿನಗಳಲ್ಲಿ ಕುಸಿಯಬಹುದು.

ಹಾಗೆಂದು ಕೈಚೆಲ್ಲಬೇಡಿ

'ಕಿಡ್ನಿಯೂ ಹೋಗಿದೆ, ಇನ್ನು ದೊಡ್ಡ ಚಿಕಿತ್ಸೆಯಿಂದ ಏನು ಪ್ರಯೋಜನ?' ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೆಪ್ಪುಗಟ್ಟಿದ ರಕ್ತದಿಂದ ಬಂದ ಲಕ್ವಕ್ಕೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ಡಯಾಲಿಸಿಸ್‌ನಲ್ಲಿರುವವರಿಗೂ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿಯಿದ್ದರೆ, ಕೊಡಬಹುದೆಂದು ಅಮೆರಿಕದ ತಜ್ಞರ ಮಾರ್ಗಸೂಚಿಗಳು 2018ರಲ್ಲೇ ಹೇಳಿವೆ. ಮೂತ್ರಪಿಂಡದ ಕಾಯಿಲೆ ಹೆಚ್ಚಿನ ಎಚ್ಚರಕ್ಕೆ ಕಾರಣವಾಗಬೇಕೇ ಹೊರತು ಚಿಕಿತ್ಸೆ ನಿರಾಕರಿಸುವುದಕ್ಕೆ ಅಲ್ಲ.

ಆದ್ದರಿಂದ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ನಾಟಿ ಔಷಧಿ ಹುಡುಕಿಕೊಂಡು ಹೋಗದೆ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ. ಬಾಯಿಗೆ ನೀರು ಹಾಕಬೇಡಿ. ಬಿ.ಪಿ. ಏರಿದೆಯೆಂದು ಮನೆಯಲ್ಲೇ ಹೆಚ್ಚುವರಿ ಮಾತ್ರೆ ಕೊಡಬೇಡಿ. ಆ ಗಳಿಗೆಯಲ್ಲಿ ಒತ್ತಡ ಒಮ್ಮೆಲೇ ಇಳಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದಾಗುತ್ತದೆ.

'ನಾರ್ಮಲ್' ಎಂಬ ಮಾತಿಗೆ ಮೋಸಹೋಗದಿರಿ

ಬೇಕಾಗುವ ಪರೀಕ್ಷೆಗಳು ಎರಡೇ. ಮೂತ್ರದಲ್ಲಿ ಆಲ್ಬುಮಿನ್ ಹೋಗುತ್ತಿದೆಯೇ ಎಂಬುದು ಒಂದು. ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂಬುದು ಇನ್ನೊಂದು. ತಾಲ್ಲೂಕು ಆಸ್ಪತ್ರೆಗಳಲ್ಲೂ ಆಗುವಂಥ ಪರೀಕ್ಷೆಗಳಿವು.

ಕ್ರಿಯಾಟಿನಿನ್ ವಿಷಯದಲ್ಲಿ ಒಂದು ಎಚ್ಚರಿಕೆ. ಮೂತ್ರಪಿಂಡದ ಶಕ್ತಿ ಅರ್ಧಕ್ಕೆ ಇಳಿಯುವವರೆಗೂ ಇದು 'ನಾರ್ಮಲ್' ಗೆರೆಯ ಆಸುಪಾಸಿನಲ್ಲೇ ಇರಬಹುದು. ಉದಾಹರಣೆಗೆ 1.2 ಎಂಬ ಅಂಕಿಯನ್ನೇ ತೆಗೆದುಕೊಳ್ಳಿ. ಇಪ್ಪತ್ತೈದರ ಯುವಕನಲ್ಲಿ ಇದು ಸುಮಾರು 86ರಷ್ಟು ಸೋಸುವ ಶಕ್ತಿಗೆ ಸಮ, ಚಿಂತೆಯಿಲ್ಲ. ಎಪ್ಪತ್ತರ ಅಜ್ಜಿಯಲ್ಲಿ ಅದೇ 1.2 ಎಂದರೆ ಶಕ್ತಿ 50ಕ್ಕಿಂತ ಕೆಳಗಿದೆ ಎಂದರ್ಥ. ಹಾಗಾಗಿ ವಯಸ್ಸು ಸೇರಿಸಿ ಲೆಕ್ಕ ಹಾಕಿದ ಇ.ಜಿ.ಎಫ್.ಆರ್. ಎಷ್ಟೆಂದು ವೈದ್ಯರನ್ನು ಕೇಳಿ. ಮೂರು ತಿಂಗಳ ಅಂತರದಲ್ಲಿಯೂ ಅದು 60ಕ್ಕಿಂತ ಕಡಿಮೆಯಿದ್ದರೆ ಅಥವಾ ಆಲ್ಬುಮಿನ್ ಸೋರುತ್ತಲೇ ಇದ್ದರೆ ದೀರ್ಘಕಾಲದ ಕಾಯಿಲೆ ಇದೆ ಎಂದು ತಿಳಿಯಬೇಕು. ಅಂಥವರಿಗೆ ಮೂತ್ರಪಿಂಡವನ್ನು ಕಾಪಾಡುವ ಬಿ.ಪಿ. ಮಾತ್ರೆಗಳನ್ನೇ ವೈದ್ಯರು ಆರಿಸಿಕೊಡಬಲ್ಲರು.

ಮನೆಯಲ್ಲಿ ಏನು ಮಾಡಬೇಕು?

ಉಪ್ಪು ಕಡಿಮೆ ಮಾಡಿ. ಒಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚೆಯಷ್ಟು ಸಾಕು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಯ ಉಪ್ಪೂ ಈ ಲೆಕ್ಕಕ್ಕೆ ಸೇರುತ್ತದೆ.

ಪೊಟ್ಯಾಸಿಯಂ ಬೆರೆಸಿದ 'ಕಡಿಮೆ ಸೋಡಿಯಂ' ಉಪ್ಪು ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ ಹಳ್ಳಿಗಳಲ್ಲಿ ಇದರ ಬಳಕೆಯಿಂದ ಲಕ್ವ ಕಡಿಮೆಯಾದದ್ದು 2021ರಲ್ಲಿ ವರದಿಯಾಗಿದೆ. ಆದರೆ ಆ ಅಧ್ಯಯನದಲ್ಲಿ ತೀವ್ರ ಮೂತ್ರಪಿಂಡ ಕಾಯಿಲೆಯವರನ್ನು ಸೇರಿಸಿರಲಿಲ್ಲ. ಅವರ ದೇಹದಲ್ಲಿ ಪೊಟ್ಯಾಸಿಯಂ ಶೇಖರವಾಗಿ ಹೃದಯದ ಬಡಿತವೇ ಏರುಪೇರಾಗಬಹುದು. ಎಳನೀರಿಗೂ ಇದೇ ಮಾತು. ಕಾಯಿಲೆಯವರಿಗೆ ತಂಪೆಂದು ದಿನಕ್ಕೆರಡು ಎಳನೀರು ಕುಡಿಸುವ ಮುನ್ನ ವೈದ್ಯರನ್ನು ಕೇಳಿ.

ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ದೊಡ್ಡ ಶತ್ರು. ಯಾವುದು ಬೆರೆತಿದೆಯೆಂದು ತಿಳಿಯದ ಪುಡಿ, ಭಸ್ಮಗಳೂ ಅಷ್ಟೇ. ಲಕ್ವದ ನಂತರ ಭುಜ ನೋಯುವುದು ಸಾಮಾನ್ಯ. ಆಗ ಈ ಮಾತ್ರೆಗಳು ಮನೆಯೊಳಗೆ ಬರದಂತೆ ನೋಡಿಕೊಳ್ಳಿ.

ಕೊನೆಯದಾಗಿ ಒಂದು ಸಲಹೆ. ಮನೆಯಲ್ಲಿ ಬಿ.ಪಿ., ಸಕ್ಕರೆ ಇರುವವರ ಹೆಸರು, ಅವರು ನುಂಗುವ ಮಾತ್ರೆಗಳು, ಕೊನೆಯ ಇ.ಜಿ.ಎಫ್.ಆರ್., ಆಲ್ಬುಮಿನ್ ಫಲಿತಾಂಶ ಮತ್ತು ಅದರ ತಾರೀಖು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಿ. ತುರ್ತಿನಲ್ಲಿ ರೋಗಿಗೆ ಮಾತು ಬರದಿದ್ದಾಗ, ವೈದ್ಯರಿಗೆ ಬೇಕಾದುದನ್ನು ಆ ಹಾಳೆಯೇ ಹೇಳುತ್ತದೆ. ಹಾಳೆಯಲ್ಲಿ ಮೂತ್ರಪಿಂಡದ ಸಾಲು ಖಾಲಿ ಉಳಿದಿದ್ದರೆ, ಅದನ್ನು ತುಂಬಿಸುವ ಕೆಲಸ ಈ ವಾರವೇ ಆಗಲಿ.