ಉಳ್ಳಾಗಡ್ಡಿ ತಪ್ಪಲಿಗೆ ತಾತ್ಸಾರವೇಕೆ?

ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಊಟವನ್ನು ಬಲ್ಲೆವೇ ಎಂಬುದೇ ಪ್ರಶ್ನೆ. ನಾಲ್ಕಕ್ಷರ ಕಲಿತೊಡನೆ ನಾವು ಮೊದಲು ಕೈಬಿಡುವುದು ಮನೆಯ ಊಟವನ್ನು. ಮಟಮಾರಿಯಿಂದ ರಾಯಚೂರಿನ ಕಾಲೇಜಿಗೆ ಬರತೊಡಗಿದ ಮೊದಲ ವರ್ಷ, ಅವ್ವ ಕಟ್ಟಿಕೊಟ್ಟ ಜೋಳದ ರೊಟ್ಟಿ, ಉಳ್ಳಾಗಡ್ಡಿ ತಪ್ಪಲಿನ ಪಲ್ಯದ ಬುತ್ತಿಯನ್ನು ಗೆಳೆಯರೆದುರು ಬಿಚ್ಚಲು ನಾನು ನಾಚುತ್ತಿದ್ದೆ. ಅದನ್ನು ಚೀಲದಲ್ಲಿಯೇ ಬಿಟ್ಟು ಚಹಾ, ಬಿಸ್ಕತ್ತಿನಲ್ಲಿ ಮಧ್ಯಾಹ್ನ ಕಳೆದ ದಿನಗಳುಂಟು. ಆ ನಾಚಿಕೆ ಅಜ್ಞಾನದಿಂದ ಹುಟ್ಟಿದುದೆಂದು ಈಗ ತಿಳಿದಿದೆ.

ಈ ತಪ್ಪಲಿನಲ್ಲಿ ಏನಿದೆ? ಗಡ್ಡೆಯಲ್ಲಿ ಕಾಣಸಿಗದಷ್ಟು ಕ್ಯಾರೊಟಿನ್ ಅದರ ಹಸುರಿನಲ್ಲಿದೆ. ಅದು ದೇಹದೊಳಗೆ ‘ಎ’ ಜೀವಸತ್ವವಾಗಿ ಕಣ್ಣಿಗೆ ಒದಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ‘ಕೆ’ ಜೀವಸತ್ವವೂ ‘ಸಿ’ ಜೀವಸತ್ವವೂ ನಾರೂ ಇವೆ. ಕಬ್ಬಿಣದ ಅಂಶ ಹೆಚ್ಚಿಲ್ಲ. ಅದು ಜೋಳ, ಬೇಳೆಗಳಲ್ಲಿದೆ. ಆದರೆ ಕಾಳುಕಡಿಯ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳದು. ಅದೇ ಊಟದಲ್ಲಿ ‘ಸಿ’ ಜೀವಸತ್ವ ಸೇರಿದರೆ ಹೆಚ್ಚು ಹೀರಿಕೊಳ್ಳುತ್ತದೆ; ಊಟದೊಡನೆ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಹಾಗಿರುವಾಗ, ಹೊಲದ ಬದುವಿನಲ್ಲಿ ಕುಳಿತು ರೊಟ್ಟಿಯೊಡನೆ ಹಸಿ ತಪ್ಪಲು ಕಡಿದು ತಿನ್ನುವ ನಮ್ಮವರ ರೂಢಿ ಎಷ್ಟು ವಿವೇಕದ್ದು!

ಅಡಿಗೆಯಲ್ಲಿಯೂ ಎಚ್ಚರ ಬೇಕು. ‘ಸಿ’ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಬೆಂಕಿಗೆ ಕೆಡುತ್ತದೆ. ಆದ್ದರಿಂದ ತಪ್ಪಲನ್ನು ಹೆಚ್ಚುವ ಮೊದಲೇ ಚೆನ್ನಾಗಿ ತೊಳೆಯಬೇಕು. ನೆನೆಸಿದ ಹೆಸರುಬೇಳೆಯನ್ನು ಒಗ್ಗರಣೆಯಲ್ಲಿ ಮೊದಲು ಬೇಯಿಸಿ, ತಪ್ಪಲನ್ನು ಕೊನೆಗೆ ಹಾಕಿ, ಬಾಡಿದೊಡನೆ ಇಳಿಸಬೇಕು. ಬೇಯಿಸಿದ ನೀರನ್ನು ಬಸಿದು ಚೆಲ್ಲಬಾರದು. ಮೇಲೆ ನಿಂಬೆಯ ರಸ ಹಿಂಡಿ, ಒಂದಿಷ್ಟು ಶೇಂಗಾಪುಡಿ ಉದುರಿಸಿದರೆ ರುಚಿಯೂ ಬಂತು, ಸತ್ವವೂ ಬಂತು.

ಇದು ಬರಿಯ ರುಚಿಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8ರಷ್ಟು ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಅದು ಶೇಕಡಾ 65.5. ತಪ್ಪಲೊಂದೇ ಇದಕ್ಕೆ ಮದ್ದೆಂದು ನಾನು ವಾದಿಸುವುದಿಲ್ಲ. ರಕ್ತ ಕಡಿಮೆಯಿದ್ದವರು ವೈದ್ಯರು ಕೊಡುವ ಕಬ್ಬಿಣದ ಗುಳಿಗೆ ನುಂಗಲೇಬೇಕು. ಆದರೆ ದಿನದ ಊಟ ಸರಿಯಿಲ್ಲದೆ ಗುಳಿಗೆಯೊಂದೇ ಎಷ್ಟು ಕಾಲ ಕಾದೀತು?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಆದರ್ಶ ತಾಟಿನಲ್ಲಿ ದಿನಕ್ಕೆ 100 ಗ್ರಾಂ ಸೊಪ್ಪು ಉಂಟು. ನಮ್ಮ ಮನೆಗಳ ತಾಟನ್ನು ಇಣಿಕಿ ನೋಡೋಣ. ಸೊಪ್ಪು ಸೋಸುವವಳು ಅವ್ವ, ರೊಟ್ಟಿ ಬಡಿಯುವವಳು ಅವ್ವ. ಎಲ್ಲರೂ ಉಂಡೆದ್ದ ಮೇಲೆ ಬೋಗುಣಿಯ ತಳ ಬಳಿದು ಉಣ್ಣುವವಳೂ ಅವಳೇ. ಪಲ್ಯ ಮುಗಿದಿದ್ದರೆ ರೊಟ್ಟಿ, ಖಾರದಲ್ಲಿಯೇ ಅವಳ ಊಟ ಮುಗಿಯುತ್ತದೆ. ಹೆಚ್ಚು ಬೇಕಾದವಳಿಗೇ ಕಡಿಮೆ!

ವಿದ್ಯಾವಂತರೆನಿಸಿಕೊಂಡ ನಾವು ಮಾಡಬಹುದಾದುದು ಎರಡು. ಬುತ್ತಿಯನ್ನು ನಾಚದೆ ಬಿಚ್ಚುವುದು ಮೊದಲನೆಯದು. ಮನೆಯಲ್ಲಿ ಪಲ್ಯಕ್ಕೆ ಕೈ ಚಾಚುವ ಮುನ್ನ ಅವ್ವನ ಪಾಲನ್ನು ತೆಗೆದಿಡುವುದು, ಆದರೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಉಣ್ಣುವುದು ಎರಡನೆಯದು. ಇಷ್ಟನ್ನೂ ಕಲಿಸದ ಪದವಿಯಿಂದ ಮನೆಗೆ ಆಗುವ ಲಾಭವೇನು?